ಮುಟ್ಟಬಾರದ ಆಟಿಕೆ ಯಾರಿಗಾಗಿ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ನಮ್ಮ ಧರ್ಮಕೇಂದ್ರಗಳ ಯಾವುದಾದರೊಂದು ಮನೆಯ ನಡುಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೊಂದು ಪುಟ್ಟ ದೀಪ, ಪಕ್ಕದಲ್ಲಿ ಗಾಜಿನ ಬಾಗಿಲಿನ ಬೀರು. ಈಚಿನ ವರ್ಷಗಳಲ್ಲಿ ಕೆಲವು ಮನೆಗಳ ಬೀರುವಿನಲ್ಲಿ ಹೊಸದೊಂದು ವಸ್ತು ಬಂದು ಕುಳಿತಿದೆ. ದುಬೈಯಲ್ಲೋ ಅಮೆರಿಕದಲ್ಲೋ ದುಡಿಯುವ ಮಗ ಅಲ್ಲಿ ಕೊಂಡು ಮನೆಗೆ ಕಳುಹಿಸಿದ ದುಬಾರಿ ಆಟಿಕೆಯ ಪೆಟ್ಟಿಗೆ ಅದು. ಅದರ ಮುದ್ರೆಯನ್ನು ಯಾರೂ ಒಡೆದಿಲ್ಲ. ಮನೆಯ ಮಗು ಅದರತ್ತ ಕೈ ಚಾಚಿದೊಡನೆ ಹಿರಿಯರ ದನಿ ಏರುತ್ತದೆ: “ಮುಟ್ಟಬೇಡ! ಅದು ಆಡುವುದಕ್ಕಲ್ಲ.”

ಆಡುವುದಕ್ಕಲ್ಲದ ಆಟಿಕೆ! ಉಣ್ಣುವುದಕ್ಕಲ್ಲದ ಅನ್ನವೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಈ ಮಾತಿಗೆ ಮಾತ್ರ ಏಕೆ ತಲೆದೂಗುತ್ತಿದ್ದೇವೆ?

ಸಂಗ್ರಹಕ್ಕೆಂದೇ ಕೊಳ್ಳುವ ಇಂತಹ ಆಟಿಕೆಗಳ ಲೋಕ ಚಿಕ್ಕದಲ್ಲ. ಡೆನ್ಮಾರ್ಕಿನ ಲೆಗೊ ಸಂಸ್ಥೆ 2017ರಲ್ಲಿ ಹೊರತಂದ ‘ಮಿಲೇನಿಯಮ್ ಫಾಲ್ಕನ್’ ಎಂಬ ಆಕಾಶನೌಕೆಯ ಒಂದೇ ಪೆಟ್ಟಿಗೆಯಲ್ಲಿ 7,541 ಬಿಡಿಭಾಗಗಳಿದ್ದವು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 800 ಡಾಲರ್, ಅಂದರೆ ಆಗಿನ ಲೆಕ್ಕದಲ್ಲೇ ಐವತ್ತು ಸಾವಿರ ರೂಪಾಯಿಗೂ ಮಿಗಿಲು. 2020ರಿಂದ ಆ ಸಂಸ್ಥೆ ಕೆಲವು ಪೆಟ್ಟಿಗೆಗಳ ಮೇಲೆ ಹದಿನೆಂಟು ವರ್ಷ ಮೀರಿದವರಿಗೆ ಎಂದು ಬಹಿರಂಗವಾಗಿಯೇ ಮುದ್ರಿಸತೊಡಗಿತು. ತಯಾರಿಕೆ ನಿಂತ ಮೇಲೆ, ಮುದ್ರೆ ಒಡೆಯದ ಪೆಟ್ಟಿಗೆಗೆ ಬೆಲೆ ಏರುತ್ತದೆ ಎಂಬ ನಂಬಿಕೆಯೇ ಈ ಸಂಗ್ರಹದ ತಾಯಿಬೇರು.

ತಪ್ಪು ತಿಳಿಯಬೇಡಿ. ದಿನವಿಡೀ ದುಡಿದು ದಣಿದವನೊಬ್ಬ ರಾತ್ರಿ ಕುಳಿತು ತುಂಡಿಗೆ ತುಂಡು ಜೋಡಿಸಿ ಸಂತೋಷಪಟ್ಟರೆ ಅದು ಪಾಪವಲ್ಲ. ಅವನೊಂದಿಗೆ ನನಗೆ ತಕರಾರಿಲ್ಲ. ನನ್ನ ತಕರಾರು ಎರಡು ಸಂಗತಿಗಳ ಮೇಲೆ: ಆ ಪೆಟ್ಟಿಗೆ ನಮ್ಮ ಮನೆಗೆ ಬರುವ ದಾರಿಯ ಮೇಲೆ, ಬಂದ ಮೇಲೆ ಅದು ಮುಚ್ಚಿಯೇ ಉಳಿಯುವುದರ ಮೇಲೆ.

ಮೊದಲು ದಾರಿಯ ಮಾತು. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ ಶೇಕಡ 70ಕ್ಕೂ ಏರಿಸಿತು. ಅದಕ್ಕೆ ಮುನ್ನ, ಐದು ಸಾವಿರ ರೂಪಾಯಿಯವರೆಗಿನ ವಸ್ತುವನ್ನು ಉಡುಗೊರೆಯೆಂದು ಅಂಚೆ ಅಥವಾ ಕೊರಿಯರ್ ಮೂಲಕ ಸುಂಕವಿಲ್ಲದೆ ತರಿಸುವ ಅವಕಾಶವಿತ್ತು. ಅದರ ದುರುಪಯೋಗ ಮಿತಿಮೀರಿದ್ದರಿಂದ 2019ರ ಡಿಸೆಂಬರ್‌ನಲ್ಲಿ, ಜೀವರಕ್ಷಕ ಔಷಧ ಮತ್ತು ರಾಖಿಯನ್ನು ಹೊರತುಪಡಿಸಿ, ಆ ಬಾಗಿಲು ಮುಚ್ಚಿತು. ಪೂರ್ಣ ಸುಂಕ ತೆತ್ತು ತರಿಸಲು ಅಡ್ಡಿಯಿರಲಿಲ್ಲ. ಆದರೆ ಸುಂಕ ತೆರುವವರು ಎಷ್ಟು ಮಂದಿ? ಐವತ್ತು ಸಾವಿರದ ವಸ್ತುವಿಗೆ ಐದು ಸಾವಿರವೆಂದು ಬರೆಯುವುದು, ಊರಿಗೆ ಹೊರಟ ಪರಿಚಯಸ್ಥರ ಸಾಮಾನಿನಲ್ಲಿ ಬಟ್ಟೆಯ ನಡುವೆ ತುರುಕಿ ಕಳುಹಿಸುವುದು, ಕೇಳಿದರೆ “ಮಕ್ಕಳ ಆಟಿಕೆ ಸಾರ್” ಎಂದು ಹಲ್ಲು ಕಿರಿಯುವುದು! ಮುಟ್ಟಲು ಮಗುವಿಗೆ ಅನುಮತಿ ಇಲ್ಲ. ಸುಳ್ಳಿಗೆ ಮಾತ್ರ ಮಗುವಿನ ಹೆಸರು ಬೇಕು.

ಸುಂಕ ವಿಪರೀತವಾಯಿತೆನ್ನುವಿರಾ? ಆಗಿರಬಹುದು. ಹಾಗಿದ್ದರೆ ಕೊಳ್ಳದಿರೋಣ, ಆಟಿಕೆಯೇನು ಅಕ್ಕಿಯೂ ಅಲ್ಲ, ಔಷಧವೂ ಅಲ್ಲ. ನಮ್ಮ ಪ್ರಭು ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಕರೆದರು. ಅತ್ತಿಮರ ಹತ್ತಿದ್ದ ಜಕ್ಕಾಯನ ಮನೆಗೆ ಹೋದರು. ಅನ್ಯಾಯವಾಗಿ ಪಡೆದುದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದು ಜಕ್ಕಾಯ ನುಡಿದ. ಈ ಶುಭಸಂದೇಶವನ್ನು ಕೇಳಿ ಬಂದ ಭಾನುವಾರ ಮಧ್ಯಾಹ್ನವೇ ನಾವು ಸುಳ್ಳು ಬೆಲೆ ಬರೆದ ಪೆಟ್ಟಿಗೆಯ ದಾರಿ ಕಾಯುವುದಾದರೆ, ಆ ವಾಚನ ನಮ್ಮ ಕಿವಿಯಲ್ಲೇ ನಿಂತಿತಲ್ಲವೇ?

ಇಲ್ಲೊಂದು ಪ್ರಸಂಗವನ್ನು ಹೇಳಬೇಕು. ಲೆಗೊ ಸಂಸ್ಥೆಯನ್ನು 1932ರಲ್ಲಿ ಬಿಲುಂಡ್ ಎಂಬ ಪುಟ್ಟ ಊರಿನಲ್ಲಿ ಆರಂಭಿಸಿದಾತ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್. ಸಂತ ಜೋಸೆಫರಂತೆ ಅವನೂ ಬಡಗಿ. ಆಗ ಅವನು ಮಾಡುತ್ತಿದ್ದುದು ಮರದ ಆಟಿಕೆಗಳನ್ನು. ಆ ಸಂಸ್ಥೆಯೇ ಹೇಳಿಕೊಳ್ಳುವಂತೆ, ಮಗ ಗೊಟ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರು ಸಲದ ಬದಲು ಎರಡೇ ಸಲ ವಾರ್ನಿಷ್ ಬಳಿದು, ರೈಲು ನಿಲ್ದಾಣಕ್ಕೆ ಮುಟ್ಟಿಸಿ ಬಂದು, ಖರ್ಚು ಉಳಿಸಿದೆನೆಂದು ಹೆಮ್ಮೆಪಟ್ಟನಂತೆ. ತಂದೆ ಒಪ್ಪಲಿಲ್ಲ. ಎಲ್ಲವನ್ನೂ ಹಿಂದಕ್ಕೆ ತಂದು, ರಾತ್ರಿಯೆಲ್ಲಾ ಹಿಡಿದರೂ ಸರಿಯೇ, ಮೂರನೆಯ ಸಲ ಬಳಿದು ಮತ್ತೆ ಮುಟ್ಟಿಸಿ ಬಾ ಎಂದನು. ಕೊಳ್ಳುವವನ ಕಣ್ಣಿಗೆ ಕಾಣದ ಒಂದು ಪದರ ವಾರ್ನಿಷ್‌ಗೂ ಸುಳ್ಳಾಡದವನು ಕಟ್ಟಿದ ಸಂಸ್ಥೆಯ ಆಟಿಕೆ, ನಮ್ಮ ಮನೆಗೆ ಸುಳ್ಳಿನ ಮೇಲೇರಿ ಬರುತ್ತಿದೆ. ‘ಲೆಗೊ’ ಎಂಬ ಹೆಸರು ಬಂದುದು ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳಿಂದ. ಅದನ್ನೇ ನಾವು ಬೀರುವಿನಲ್ಲಿಟ್ಟು ಆಡಬೇಡ ಎನ್ನುತ್ತೇವೆ.

ಇನ್ನು ಮುಚ್ಚಿದ ಪೆಟ್ಟಿಗೆಯ ಮಾತು. “ಅದು ಹೂಡಿಕೆ, ಹತ್ತು ವರ್ಷ ಕಳೆದರೆ ದುಪ್ಪಟ್ಟಾಗುತ್ತದೆ” ಎಂಬ ಸಮಜಾಯಿಷಿ ಕೇಳಿಬರುತ್ತದೆ. ನಮ್ಮ ತಾಲ್ಲೂಕುಗಳ ಜನರಿಗೆ ಬೆಲೆಯ ಏರಿಳಿತವನ್ನು ಯಾರೂ ಕಲಿಸಬೇಕಿಲ್ಲ. ಬ್ಯಾರನ್‌ನ ಬೆಂಕಿಯ ಮುಂದೆ ನಿದ್ದೆಗೆಟ್ಟು ಹದಮಾಡಿದ ಹೊಗೆಸೊಪ್ಪನ್ನು ಹರಾಜು ಮಾರುಕಟ್ಟೆಗೆ ಒಯ್ದು, ಬೆಲೆ ಕುಸಿದ ದಿನ ತಲೆತಗ್ಗಿಸಿ ಮರಳಿದವರು ಇದೇ ಮಣ್ಣಿನವರು. ಆ ಬೆವರಿನಿಂದಲೇ ಓದಿ ಹೊರದೇಶ ಸೇರಿದ ಮಗ, ಮುಚ್ಚಿಟ್ಟ ಆಟಿಕೆಯಲ್ಲಿ ಭವಿಷ್ಯ ಹುಡುಕಬೇಕೇ? ಪ್ರಭು ಹೇಳಿದ ಸಾಮತಿಯ ಧನಿಕನೂ ಹೀಗೆಯೇ ಲೆಕ್ಕ ಹಾಕಿದ್ದ. ಇದ್ದ ಕಣಜವನ್ನು ಕೆಡವಿ ದೊಡ್ಡ ಕಣಜ ಕಟ್ಟಿಸುವ ಯೋಚನೆಯಲ್ಲಿದ್ದ ರಾತ್ರಿಯೇ ಅವನಿಗೆ ಕರೆ ಬಂತು. ಅವನು ತುಂಬಿದ್ದು ಧಾನ್ಯವನ್ನಾದರೂ ಹೌದು. ನಮ್ಮ ಕಣಜದಲ್ಲಿರುವುದು ಬಣ್ಣದ ಪ್ಲಾಸ್ಟಿಕ್.

“ಅದು ಮಗನ ಪ್ರೀತಿಯ ಗುರುತು” ಎಂದು ತಾಯಂದಿರು ಹೇಳುತ್ತಾರೆ. ಈ ಮಾತಿಗೆ ನಾನು ತಲೆಬಾಗುತ್ತೇನೆ. ವರ್ಷಕ್ಕೊಮ್ಮೆ ಮಾತ್ರ ಮಗುವಿನ ಮುಖ ಕಾಣುವ ತಂದೆಗೆ ಏನಾದರೂ ಕಳುಹಿಸಬೇಕೆನಿಸುವುದು ಸಹಜ. ಆದರೆ ತಂದೆಯ ಬದಲಿಗೆ ಬಂದ ವಸ್ತುವಿಗೂ ಗಾಜು ಅಡ್ಡವಾದರೆ, ಮಗುವಿಗೆ ಎರಡು ಬಾರಿ ತಂದೆಯನ್ನು ನಿರಾಕರಿಸಿದಂತಾಗುವುದಿಲ್ಲವೇ? ವಸ್ತು ದೊಡ್ಡದು, ಕೈ ಚಿಕ್ಕದು ಎಂಬ ಪಾಠವನ್ನು ಅದು ದಿನವೂ ಕಲಿಯುತ್ತಿದೆ.

ಪರದೇಶದ್ದೆಲ್ಲ ಕೆಟ್ಟದ್ದು, ಸ್ವದೇಶದ್ದೆಲ್ಲ ಒಳ್ಳೆಯದು ಎಂಬ ವಾದ ನನ್ನದಲ್ಲ. ಚನ್ನಪಟ್ಟಣದ ಗೊಂಬೆಯನ್ನೂ ಗಾಜಿನೊಳಗೆ ಬಂಧಿಸಿದರೆ ಅದೇ ದೋಷ. ಆದರೂ ಕೇಳುತ್ತೇನೆ: ಬೆಂಗಳೂರಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಈಚೆಗೆ ಚನ್ನಪಟ್ಟಣದಲ್ಲಿ ಇಳಿದಿದ್ದೇವೆ? 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿ ಹೊರಗಿನಿಂದಲೇ ಸಾಗುತ್ತದೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳಿಗೆ ದಾರಿಹೋಕರ ವ್ಯಾಪಾರ ಕುಗ್ಗಿತು. ಹಾಲೆ ಮರದ ತುಂಡನ್ನು ತಿರುಗಿಸುತ್ತಾ, ಬಣ್ಣದ ಅರಗನ್ನು ಒತ್ತಿ, ಉಜ್ಜಿನ ಬಿಸಿಯಲ್ಲೇ ಅದನ್ನು ಕರಗಿಸಿ ಹೊಳಪು ಕೊಡುವ ಆ ಕೈಗಳು ನಮಗೆ ಸಾಗರದಾಚೆಯವಲ್ಲ. ಅಲ್ಲಿನ ಗಿಲಕಿಗೆ ಮುದ್ರೆಯೂ ಇಲ್ಲ, ಒಡೆಯುವ ಭಯವೂ ಇಲ್ಲ.

ಪ್ರದರ್ಶನವೇ ತಪ್ಪೆಂದೂ ಹೇಳುತ್ತಿಲ್ಲ. ದಸರೆಯಲ್ಲಿ ನೆರೆಮನೆಯವರು ಗೊಂಬೆ ಕೂರಿಸಿ, ಕೇರಿಯ ಮಕ್ಕಳನ್ನೆಲ್ಲ ಕರೆದು, ಬೊಂಬೆ ಬಾಗಿನವೆಂದು ಕೈತುಂಬ ತಿಂಡಿ ಕೊಡುತ್ತಾರೆ. ನಮ್ಮ ಗೋದಲಿಯೂ ಹಾಗೆಯೇ ಹುಟ್ಟಿದ್ದು. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಸುತ್ತಲಿನ ಜನರನ್ನು ಕರೆದರು. ಹತ್ತಿರ ಬರಲೆಂದೇ ಗೋದಲಿ, ದೂರ ನಿಲ್ಲಲೆಂದಲ್ಲ.

ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯ ಕಥೆಯನ್ನು ನೀವು ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಹೊಲ ಉಳುತ್ತಿದ್ದ ರೈತನಿಗೆ ಪ್ರತಿಮೆಯೊಂದು ಸಿಕ್ಕಿತು. ಅದು ಯಾರದೆಂದು ಅರಿಯದೆ ಗೊಂಬೆಯೆಂದು ಬಗೆದು ಮನೆಗೆ ತಂದನು ಎನ್ನುತ್ತದೆ ಆ ಪರಂಪರೆ. ಅದೇ ಡೋರ್ನಹಳ್ಳಿ 2019ರಲ್ಲಿ ಬಸಿಲಿಕಾ ಆಯಿತು. ನಾವೆಲ್ಲ ಹರಕೆ ಹೊತ್ತು ಹೋಗುವ ಆ ಸಂತ ಅಂತೋಣಿಯವರ ತೋಳಿನಲ್ಲಿರುವುದು ಬಾಲಯೇಸು.

ಆದುದರಿಂದ, ಬಂಧುಗಳೇ, ಬರುವ ಆಗಮನ ಕಾಲದಲ್ಲಿ ಮೂರು ಕೆಲಸ ಮಾಡೋಣ. ಹೊರದೇಶದಲ್ಲಿರುವ ಮಗನಿಗೆ, ಕಳುಹಿಸುವುದಾದರೆ ನಿಜವಾದ ಬೆಲೆ ಬರೆದು ಕಳುಹಿಸು, ಆಗದಿದ್ದರೆ ಕಳುಹಿಸಬೇಡ ಎಂದು ಹೇಳೋಣ. ಒಂದು ಪೆಟ್ಟಿಗೆಯ ಬೆಲೆಯಲ್ಲಿ ಒಂದು ಪಾಲನ್ನಾದರೂ ತೆಗೆದು ನಮ್ಮೂರಿನ ಅಂಗನವಾಡಿಗೆ, ಕೋಟೆಯ ಕಾಡಂಚಿನ ಹಾಡಿಯ ಮಕ್ಕಳಿಗೆ ಆಟಿಕೆ ಕೊಡಿಸೋಣ. ಬೀರುವಿನ ಬೀಗ ತೆಗೆದು, ಪೆಟ್ಟಿಗೆಯ ಮುದ್ರೆ ಒಡೆದು, ಗೋದಲಿಯ ಪಕ್ಕದಲ್ಲಿ ನೆಲದ ಮೇಲೆ ಸುರಿಯೋಣ. ಪಕ್ಕದ ಮನೆಯ ಮಗುವನ್ನೂ ಕೂಗಿ ಕರೆಯೋಣ. ಒಂದೆರಡು ತುಂಡು ಕಳೆದುಹೋಗಬಹುದು. ಹೋಗಲಿ ಬಿಡಿ.