ಮನೆಗಿಂತ ಮೊದಲು ಮಣ್ಣು

ಕಳೆದ ತಿಂಗಳು ನೋಯ್ಡಾದಲ್ಲಿ ಕೊನೆಗೂ ನಮಗೊಂದು ಫ್ಲ್ಯಾಟ್ ಇಷ್ಟವಾಯ್ತು. ಹನ್ನೊಂದನೇ ಮಹಡಿ, ಬಾಲ್ಕನಿಗೆ ಒಳ್ಳೆ ಗಾಳಿ. ಮುಂಗಡ ಕಟ್ಟೋ ಹಿಂದಿನ ದಿನ ಊರಿಂದ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ: "ಕೆಳಗೆ ಮಣ್ಣು ಎಂಥದ್ದೋ?"

ನನ್ನ ಹತ್ರ ಉತ್ತರ ಇರಲಿಲ್ಲ.

ನೋಯ್ಡಾ ಇರೋದು ಯಮುನಾ, ಹಿಂಡನ್ ನದಿಗಳ ನಡುವೆ. ನದಿ ತಂದು ಹಾಕಿದ ಮರಳು, ಮೆಕ್ಕಲು ಮಣ್ಣು. ಮರಳು ಸಡಿಲವಾಗಿದ್ದು, ಅದರಲ್ಲಿ ನೀರು ತುಂಬಿದ್ದರೆ, ಜೋರು ಭೂಕಂಪದಲ್ಲಿ ನೀರಿನ ಒತ್ತಡ ಏರಿ ಕಣಗಳು ಪರಸ್ಪರ ಹಿಡಿತ ಬಿಡುತ್ತವೆ. ನೆಲ ಸ್ವಲ್ಪ ಹೊತ್ತು ಗಂಜಿಯಂತಾಗುತ್ತೆ. ಇದೇ ಲಿಕ್ವಿಫ್ಯಾಕ್ಷನ್. ಮಲ್ಪೆ ಬೀಚಿನ ಒದ್ದೆ ಮರಳಲ್ಲಿ ನಿಂತಲ್ಲೇ ಕಾಲು ಕುಣಿಸಿ ನೋಡಿ, ಪಾದ ಮೆಲ್ಲಗೆ ಇಳಿಯುತ್ತೆ.

1964ರಲ್ಲಿ ಜಪಾನಿನ ನಿಗಾಟದಲ್ಲಿ ಅಪಾರ್ಟ್‌ಮೆಂಟುಗಳು ಒಡೆಯಲಿಲ್ಲ, ವಾಲಿದವು. ಒಂದಂತೂ ಹೆಚ್ಚುಕಮ್ಮಿ ಮಲಗಿಯೇ ಬಿಟ್ಟಿತು. ಕಟ್ಟಡ ಗಟ್ಟಿಯಿತ್ತು, ಕೈಕೊಟ್ಟಿದ್ದು ನೆಲ. 1934ರ ಬಿಹಾರ ಭೂಕಂಪದಲ್ಲೂ ಎಷ್ಟೋ ಮನೆಗಳು ಹೀಗೇ ಕುಸಿದು ವಾಲಿದ್ದವು.

ಇದನ್ನು ಮೊದಲೇ ಅಳೆಯಬಹುದು. ಬೋರ್ ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯೋಕೆ ಎಷ್ಟು ಏಟು ಬೇಕು ಅಂತ ಎಣಿಸ್ತಾರೆ. ಇದು ಎಸ್‌ಪಿಟಿ. ಏಟು ಕಡಿಮೆಯಾದಷ್ಟೂ ಮರಳು ಸಡಿಲ. ಜೊತೆಗೆ ಅಂತರ್ಜಲ ಎಷ್ಟು ಆಳದಲ್ಲಿದೆ, ಮರಳಲ್ಲಿ ನುಣ್ಣನೆ ಮಣ್ಣು ಎಷ್ಟಿದೆ ನೋಡ್ತಾರೆ. ಆ ಊರಲ್ಲಿ ನಿರೀಕ್ಷಿಸಬಹುದಾದ ಕಂಪನವನ್ನು ಈ ಮಣ್ಣು ತಡೆಯುತ್ತಾ ಅಂತ ಲೆಕ್ಕ ಹಾಕ್ತಾರೆ. ತಡೆಯೋ ಶಕ್ತಿಯನ್ನು ಕಂಪನದ ಒತ್ತಡದಿಂದ ಭಾಗಿಸಿದಾಗ 1ಕ್ಕಿಂತ ಕಡಿಮೆ ಬಂದರೆ ಅಪಾಯ. ಹಾಗಂತ ಅಲ್ಲಿ ಮನೆ ಕಟ್ಟಲೇಬಾರದು ಅಂತಲ್ಲ. ಮರಳನ್ನು ಅದುಮಿ ಗಟ್ಟಿ ಮಾಡಬಹುದು, ಪೈಲ್‌ಗಳನ್ನು ಕೆಳಗಿನ ಗಟ್ಟಿ ಪದರದವರೆಗೆ ಇಳಿಸಬಹುದು.

ಬಿಲ್ಡರ್ ಹತ್ರ ಮಣ್ಣಿನ ವರದಿ ಕೇಳಿದೆ. ಮೊದಲು ಬ್ರೋಷರ್ ಬಂತು. ಮೂರನೇ ಸಲ ಕೇಳಿದಾಗ ವರದಿ ಬಂತು. ಸಿವಿಲ್ ಇಂಜಿನಿಯರ್ ಗೆಳೆಯನಿಗೆ ಕಳಿಸಿದೆ. ಅವನು ನಕ್ಷೆ ನೋಡಿದವನೇ, "ಬೋರ್ ಹಾಕಿರೋದೆಲ್ಲ ಆಚೆ ಟವರ್ ಜಾಗದಲ್ಲಿ ಕಣೋ, ನಿಮ್ಮದರ ಕೆಳಗೆ ಒಂದೂ ಇಲ್ಲ" ಅಂದ. ನದಿ ಬಯಲಲ್ಲಿ ಐವತ್ತು ಹೆಜ್ಜೆಗೆ ಮಣ್ಣು ಬದಲಾಗಬಹುದಂತೆ.

ಹೆಂಡತಿಗೆ ಬೇಜಾರಾಯ್ತು. ಪರದೆಯ ಬಣ್ಣವನ್ನೂ ಆರಿಸಿಟ್ಟಿದ್ದಳು. ಆದ್ರೂ ನಮ್ಮ ಟವರ್‌ನ ವರದಿ ಬರೋವರೆಗೆ ಮುಂಗಡ ಕೊಡಲ್ಲ ಅಂತ ಇಬ್ಬರೂ ತೀರ್ಮಾನಿಸಿದ್ದೀವಿ.

ನೀವೂ ಅಡುಗೆಮನೆಯ ಟೈಲ್ಸ್ ನೋಡೋ ಮುಂಚೆ ಒಂದು ಸಲ ಬೋರ್ ಎಲ್ಲಿ ಹಾಕಿದ್ದಾರೆ ಕೇಳಿ.