ಕಡಿದ ಅಭ್ಯಾಸವನ್ನು ಕೂಡಿಸುವ ಬಗೆ

ಮನೆಯಲ್ಲಿಯೇ ಕಲಿಯುವ ವಿದ್ಯಾರ್ಥಿಯ ಅಭ್ಯಾಸಕ್ರಮವು ಕಾಯಿಲೆ, ಹಬ್ಬ, ಬೇಸರಗಳಿಂದ ಕಡಿದುಹೋಗುವುದುಂಟು. ಕಲಿತುದೆಲ್ಲವೂ ಹೋಯಿತೆಂದು ಪರೀಕ್ಷೆಯನ್ನೇ ಕೈಬಿಡುವವರೂ ಉಂಟು; ಹೊಸ ವೇಳಾಪಟ್ಟಿ ಬರೆದು ಮೊದಲ ಪುಟದಿಂದ ತೊಡಗಿ ದಣಿಯುವವರೂ ಉಂಟು. ಇವೆರಡೂ ಅನಾವಶ್ಯಕವೆಂದು ನಮ್ಮ ಅಭಿಪ್ರಾಯ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಕಂಠಪಾಠ ಮಾಡಿ, ಮರೆತ ಮೇಲೆ ಮತ್ತೆ ಕಲಿತು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. 31 ದಿನಗಳ ಅನಂತರವೂ ಮರುಕಲಿಕೆಯಲ್ಲಿ ಸುಮಾರು ಶೇಕಡಾ 21ರಷ್ಟು ಕಾಲ ಉಳಿತಾಯವಾಯಿತು. ಅರ್ಥವಿಲ್ಲದುದೇ ಅಷ್ಟು ಉಳಿಯುವುದಾದರೆ, ಅರ್ಥವರಿತು ಕಲಿತ ಪಾಠವು ಇನ್ನೂ ಹೆಚ್ಚು ಉಳಿಯದೇ?

ಆದುದರಿಂದ ಪುಸ್ತಕವನ್ನು ಮುಚ್ಚಿ, ನೆನಪಿದ್ದುದನ್ನು ಮೊದಲು ಬರೆಯಿರಿ. ಬಿಟ್ಟುಹೋದುದನ್ನು ಮಾತ್ರ ಓದಿರಿ. ಮೊದಲ ವಾರಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು. ಕಳೆದ ದಿನಗಳಿಗಾಗಿ ಕೊರಗುವುದಕ್ಕಿಂತ, ಉಳಿದ ಬಂಡವಾಳವನ್ನು ಎಣಿಸಿ ಮುಂದುವರಿಯುವುದೇ ಲೇಸು.