ಗುಂಡಿ ಅಂದರೆ ಯಾವ ಗುಂಡಿ?

ಇಷ್ಟು ಚೆಂದದ ಬೆಟ್ಟಕ್ಕೆ ಕೆಮ್ಮಣ್ಣುಗುಂಡಿ ಅಂತ ಯಾಕೆ ಹೆಸರು ತಾತಾ, ಅದು ಅಂಗಿ ಗುಂಡಿಯಾ? ಕಡೂರಿನಿಂದ ಹೊರಟ ನಮ್ಮ ಕಾರು ಲಿಂಗದಹಳ್ಳಿ ದಾಟುವಾಗ ಮೊಮ್ಮಗಳು ಕೇಳಿದ ಪ್ರಶ್ನೆ.

ಅಲ್ಲ ಮಕ್ಕಳೇ, ಅಗೆದ ಗುಂಡಿ. ಮಳೆಯಲ್ಲಿ ಬಿಟ್ಟ ಮೊಳೆ ತುಕ್ಕು ಹಿಡಿದು ಕೆಂಪಾಗುತ್ತದಲ್ಲ, ಆ ಮಣ್ಣಿನ ಬಣ್ಣಕ್ಕೂ ಕಬ್ಬಿಣವೇ ಕಾರಣ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ನಡೆಸಿದ ಕಾರ್ಖಾನೆ. ಅದಕ್ಕೆ ಅದಿರು ಹೋಗುತ್ತಿದ್ದದ್ದು ಈ ಬೆಟ್ಟದಿಂದ. ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದಲೇ ಆಗ ಕಬ್ಬಿಣ ಕರಗಿಸಿದರು. ಎಷ್ಟು ಮರ ಖರ್ಚಾಯಿತೋ! ಲೆಕ್ಕ ಬರೆದೇ ಬದುಕಿದ ನನಗೂ ಆ ಲೆಕ್ಕ ಬರೆಯಲು ಕೈ ಬಾರದು.

ಬೆಟ್ಟದಿಂದ ತಪ್ಪಲಿಗೆ ಉಕ್ಕಿನ ಹಗ್ಗ ಎಳೆದು, ತೊಟ್ಟಿಗಳಲ್ಲಿ ಅದಿರು ತುಂಬಿ ಇಳಿಸುತ್ತಿದ್ದರು. ಅಲ್ಲಿಂದ ಮುಂದೆ ಸಣ್ಣ ರೈಲು.

ನಾನು ಬ್ಯಾಂಕಿನಲ್ಲಿದ್ದಾಗ, ಆ ಬೆಟ್ಟದಲ್ಲಿ ದುಡಿದಿದ್ದ ಒಬ್ಬ ಹಿರಿಯರು ದುಡ್ಡು ತೆಗೆಯಲು ಬರುತ್ತಿದ್ದರು. ಹೆಬ್ಬೆಟ್ಟಿನ ಗಿರಾಕಿ. ಗೆರೆಗಳೆಲ್ಲ ಸವೆದು ಗುರುತೇ ಮೂಡುತ್ತಿರಲಿಲ್ಲ. ಮೂರು ಮೂರು ಸಲ ಒತ್ತಿಸಬೇಕು. “ಕಲ್ಲು ತಿಂದ್ಬಿಟ್ಟಿದೆ ಸ್ವಾಮಿ” ಅಂತ ನಗುತ್ತಿದ್ದರು. ಕಾಲಿಗೆ ಹತ್ತುವ ಇಂಬಳ, ಬಿಡದ ಚಳಿಜ್ವರ, ಎಲ್ಲ ಹೇಳುವರು. ಮಂಜು ಕವಿದರೆ ತೊಟ್ಟಿ ಬರುವುದು ಕಾಣದು, ಸದ್ದು ಕೇಳಿಯೇ ಪಕ್ಕಕ್ಕೆ ಸರಿಯಬೇಕಂತೆ. ಹಿಂದೆ ಸಾಲು ಬೆಳೆದು ಜನ ಗೊಣಗಿದರೂ ನಾನು ಅವರ ಮಾತು ತಡೆಯುತ್ತಿರಲಿಲ್ಲ.

ಈಗ ಅಲ್ಲಿ ತೋಟಗಾರಿಕೆ ಇಲಾಖೆಯ ಹೂದೋಟ. 1,400 ಮೀಟರಿಗೂ ಎತ್ತರದ ಜಾಗ, ಗುಲಾಬಿ ಹುಲುಸಾಗಿ ಬರುತ್ತದೆ. ಬೇಸಿಗೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಇಲ್ಲಿಗೆ ಬರುತ್ತಿದ್ದರು. ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಇನ್ನೊಂದು ಹೆಸರು. ಇದನ್ನೆಲ್ಲ ಮೊಮ್ಮಗಳಿಗೆ ವಿವರಿಸಿದೆ.

“ಮಹಾರಾಜರು ಉಳಿದುಕೊಳ್ಳುತ್ತಿದ್ದದ್ದು ಇಲ್ಲಿ. ಹೆಬ್ಬೆಟ್ಟಿನ ಅಜ್ಜನ ಮನೆ ಎಲ್ಲಿತ್ತು?” ಎಂದಳು.

ತೋಟದ ಆಚೆ ಕಣ್ಣಾಡಿಸಿದೆ. ಹುಲ್ಲು, ಕೆಮ್ಮಣ್ಣು, ಮಂಜು. ಯಾವುದನ್ನು ತೋರಿಸಲಿ?

ತರೀಕೆರೆ, ಲಿಂಗದಹಳ್ಳಿ, ಅಜ್ಜಂಪುರದ ಕಡೆಯ ಹಿರಿಯರೇ, ನಿಮ್ಮ ಮನೆಯಲ್ಲಿ ಆ ಬೆಟ್ಟದಲ್ಲಿ ದುಡಿದವರಿದ್ದರೆ ಹೆಸರು, ಊರು, ಮಾಡಿದ ಕೆಲಸ ಒಂದು ಕಾಗದದಲ್ಲಿ ಬರೆದು ನನಗೆ ಕಳಿಸಿ. ಕೈ ನಡುಗಿದರೆ ನೀವು ಹೇಳಿ, ಮೊಮ್ಮಕ್ಕಳು ಬರೆಯಲಿ. ಬಂದಷ್ಟು ಹೆಸರನ್ನು ಈ ಅಂಕಣದಲ್ಲೇ ಅಚ್ಚು ಮಾಡಿಸುತ್ತೇನೆ.